ರಾಂಗ್ ನಂಬರ್

ಮಂಗಳವಾರ, ಔಷಧಿ ಅಂಗಡಿಯಲ್ಲಿ ಜನವಿಲ್ಲದ ಹೊತ್ತು,
ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.
ಸಾಲ ಬೇಕೇ, ಸೈಟು ಬೇಕೇ ಎನ್ನುವವರೇ ಇರಬೇಕೆಂದು
ಎರಡು ಸಲ ಬಿಟ್ಟೆ. ಮೂರನೆಯದಕ್ಕೆ
ಬೆರಳು ತಾನಾಗಿ ಹಸಿರಿನ ಕಡೆ ಜಾರಿತು.

"ಪೇಂಟರ್ ಅಂತೋಣಿ ಅಲ್ವೇನಪ್ಪಾ?
ಟ್ಯಾಂಕರ್ ಮೇಲೆ ಅಕ್ಷರ ಬರೀಬೇಕು. ನಾಳೆನೇ."

ಅಲ್ಲ ಎನ್ನಬೇಕಿತ್ತು. ನನಗದು ರೂಢಿ:
ಈ ಮಾತ್ರೆ ಇಲ್ಲ, ಚಿಲ್ಲರೆ ಇಲ್ಲ, ಚೀಟಿ ಇಲ್ಲದೆ ಕೊಡೋಲ್ಲ.
ಹದಿನೇಳು ವರ್ಷ ಈ ಗಾಜಿನ ಹಿಂದೆ ನಿಂತು
ಇಲ್ಲಗಳನ್ನೇ ಎಣಿಸಿ ಕೊಟ್ಟವಳು.
ಆದರೆ ಅಕ್ಷರ ಎಂದಳಲ್ಲ ಆಕೆ...
"ಅಂತೋಣಿ ಇಲ್ಲ" ಎಂದೆ. "ನಾನು ಬರೀತೀನಿ."

ಹೇಳಿದ್ದು ಯಾರೆಂದು ತಿರುಗಿ ನೋಡಿದೆ.
ಹಿಂದೆ ಕೆಮ್ಮಿನ ಸಿರಪ್ಪುಗಳಷ್ಟೇ ಸಾಲಾಗಿ ನಿಂತಿದ್ದವು.

ಒಂದು ಕಾಲಕ್ಕೆ ಬರೆಯುತ್ತಿದ್ದೆ, ನಿಜ.
ಶ್ರೀರಾಮಪುರದ ಶಾಲೆಯ ಕರಿಹಲಗೆಗೆ ದಿನಕ್ಕೊಂದು ಸುವಿಚಾರ,
ಅಕ್ಕಪಕ್ಕದವರ ಮದುವೆಗೆ ಥರ್ಮೋಕೋಲಿನ ಹೆಸರು,
ಗಣೇಶನ ಪೆಂಡಾಲಿಗೆ ಬಟ್ಟೆಯ ಬ್ಯಾನರು.
ಫ್ಲೆಕ್ಸು ಬಂತು.
ಒಂದೇ ರಾತ್ರಿಗೆ ಇಪ್ಪತ್ತು ಮುಖ ಅಚ್ಚಾಗುವಾಗ
ನನ್ನ ಒಂದು 'ಶ್ರೀ'ಗೆ ಅರ್ಧ ದಿನ ಯಾರು ಕಾಯುತ್ತಾರೆ?
ಕುಂಚಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟೆ.
ಆಮೇಲೆ ಬಾಟಲಿ ಉಪ್ಪಿನಕಾಯಿಗೆ ಬೇಕಾಯಿತು.
ಕುಂಚಗಳು ಎಲ್ಲಿ ಹೋದವೋ, ಕೇಳಲಿಲ್ಲ ನಾನು.

ಬುಧವಾರ ರಜೆ ಹಾಕಿ, ಅವೆನ್ಯೂ ರೋಡಿನಲ್ಲಿ ಎರಡು ಕುಂಚ ಕೊಂಡು,
ಮೆಜೆಸ್ಟಿಕ್ಕಿನಲ್ಲಿ ಸುಂಕದಕಟ್ಟೆಯ ಬಸ್ಸು ಹತ್ತಿದೆ.
ಬೋರ್‌ವೆಲ್ ಪಕ್ಕ ಕುರ್ಚಿ ಹಾಕಿ ಕೂತಿದ್ದಳು ಮುನಿಲಕ್ಷ್ಮಮ್ಮ,
ಮಡಿಲಲ್ಲಿ ಲೆಕ್ಕದ ಪುಸ್ತಕ, ಮೂರು ಫೋನು.
"ನಮ್ಮ ಅಂತೋಣಿ ಸೀರೆ ಉಟ್ಕೊಂಡ್ ಬಂದವ್ನೆ."
"ಏಣೀನೂ ಹತ್ತುತಾನೆ" ಎಂದೆ. ಏಣಿ ತರಿಸಿದಳು.

ಟ್ಯಾಂಕರು ಬಿಸಿಲಿಗೆ ಕಾದು ಕೈಯಿಡಗೊಡುತ್ತಿರಲಿಲ್ಲ.
ಮೊದಲ 'ಕು' ಸೊಟ್ಟಗಾಯಿತು. ಒರೆಸಿದೆ.
ಎರಡನೆಯದೂ. ಕೈಗೆ ಬಿಲ್ಲು ಬರೆಯುವ ಚಾಳಿ,
ಎಲ್ಲವನ್ನೂ ಬೇಗ ಮುಗಿಸಿ ಕೆಳಗೆ ಗೆರೆ ಎಳೆಯುವ ಚಾಳಿ.
ಮೂರನೆಯ ಸಲ, ಮಣಿಕಟ್ಟು ಮರೆತು, ಭುಜದಿಂದ ಎಳೆದೆ.
ತಲಕಟ್ಟು ಕೂತಿತು. ಕೊಂಬು ಇಳಿಯಿತು.
'ಡಿ'ಯ ಗುಡಿಸು ಗುಂಡಗೆ ತಿರುಗಿ ಮನೆ ಸೇರಿತು.
ಕುಡಿಯುವ ನೀ
ಎನ್ನುವವರೆಗೂ ಸರಿಯಿತ್ತು.
'ರು'ವಿನ ಕೊಂಬಿನಲ್ಲಿ ಬಣ್ಣ ಹೆಚ್ಚಾಗಿ
ಸೋರಿತು, ಒಂದು ಗೇಣು, ತಡೆಯುವ ಮೊದಲೇ.

ಚಿಂದಿ ಹಿಡಿದ ಎಡಗೈ ಮೇಲೆದ್ದಿತ್ತು.
ಆಗ ಕಂಡಿತು:
ಸೋರಿದ್ದಕ್ಕೆ ಬಾಲವಿದೆ.
ಒಂದು ರೆಕ್ಕೆ, ಒಂದು ಚುಕ್ಕಿ ಕಣ್ಣು. ನಾನು ಹಾಕಿದ್ದು ಅಷ್ಟೇ.

ಮುನಿಲಕ್ಷ್ಮಮ್ಮ ಬಹಳ ಹೊತ್ತು ನೋಡಿದಳು.
"ಮೀನು ನಾ ಕೇಳಿರ್ಲಿಲ್ಲ."
ನಾನೂ ಕೇಳಿರಲಿಲ್ಲ.
"ಇರ್ಲಿ ಬಿಡು. ನೀರು ಅಂದ್ಮೇಲೆ ಒಂದ್ ಕಾಲಕ್ಕೆ ಇತ್ತಲ್ಲ.
ಅದಕ್ಕೆ ಬೇರೆ ದುಡ್ಡು ಕೊಡಲ್ಲ ಮತ್ತೆ."

ಈಗ ಅದು ನಾಗರಬಾವಿಯ ಏರಿನಲ್ಲಿ, ಹೊಗೆಯೊಳಗೆ
ಎದುರೀಜು ಈಜುತ್ತದೆ.
ಸಿಗ್ನಲ್ಲಿನಲ್ಲಿ ಸ್ಕೂಟರಿನ ಮಕ್ಕಳು ಬೆರಳು ಮಾಡುತ್ತವಂತೆ,
ಡ್ರೈವರು ಹೇಳಿದ.
ಆಮೇಲೆ ಬೇರೆ ಕೆಲಸ ಬಂದಿಲ್ಲ. ಬಂದೀತು. ಬಾರದಿದ್ದರೂ
ಅಂಗಡಿಯ ರಸೀದಿಗಳ ಬೆನ್ನು ಖಾಲಿ ಉಳಿಯುತ್ತಿಲ್ಲ.

ಇವತ್ತು ಮತ್ತೆ ಗುರುತಿಲ್ಲದ ನಂಬರು.
ಮೊದಲ ರಿಂಗಿಗೇ ಎತ್ತಿದೆ.
"ಪರ್ಸನಲ್ ಲೋನ್ ಬೇಕಾ ಮೇಡಂ?"
ಬೇಡಮ್ಮ ಎಂದೆ. ಇಡುವ ಮೊದಲು ಹೆಸರು ಕೇಳಿದೆ.
ದೂರು ಕೊಡುತ್ತೇನೆಂದು ಅಂಜಿದಳೋ ಏನೋ,
ಮೆಲ್ಲಗೆ ಹೇಳಿದಳು. ಝಾನ್ಸಿ.

ಝ!
ಎಷ್ಟು ವರ್ಷವಾಗಿತ್ತು
ಈ ಅಕ್ಷರದ ಹೊಟ್ಟೆ ಸವರಿ.
ರಸೀದಿ ತಿರುಗಿಸಿ ಶುರು ಮಾಡಿದೆ.
ಗಿರಾಕಿಯೊಬ್ಬ ಕೆಮ್ಮುತ್ತ ಬಂದು ಗಾಜು ತಟ್ಟಿದ.
"ಇದೆ" ಎಂದೆ, "ಒಂದೇ ನಿಮಿಷ."